ಗಾಜು ಒರೆಸುವಷ್ಟು ಹೊತ್ತು

ಶನಿವಾರ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಪೈಪಣ್ಣನ ಹೆಂಡತಿ ಮರುದಿನದ ನಾಟಕದ ಪಾಸುಗಳನ್ನು ಇಸ್ಪೀಟು ಎಲೆಗಳಂತೆ ಹರಡಿಕೊಂಡು ಕೂತಿದ್ದಳು. ಎರಡು ಪಕ್ಕದ ಮನೆಯವರಿಗೆ, ಒಂದು ಮಹಡಿ ಮೇಲಿನ ಟೈಲರಿಗೆ, ಒಂದು ಹಾಲಿನವಳಿಗೆ. ಕೊನೆಗೆ ಒಂದು ಉಳಿಯಿತು. ಪೈಪಣ್ಣ ಟೀ ಲೋಟ ಕೆಳಗಿಟ್ಟು ಅದರ ಕಡೆ ಕೈ ಚಾಚಿದ. ಅವಳು ಪಾಸನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡಳು.

“ಇದು ನಮ್ಮ ಆಫೀಸಿನ ಜವಾನನಿಗೆ. ನೀವು ಬರೋದು ಬೇಡ ರೀ.”

“ನಾನು ಬೇಡ್ವಾ? ಹಾಲಿನವಳು ಬರಬಹುದು, ಕಟ್ಕೊಂಡ ಗಂಡ ಬರಬಾರದಾ?”

“ಹಾಲಿನವಳ ಜೇಬಲ್ಲಿ ಹುಂಜ ಇಲ್ಲ.”

ಮೂಲೆಯಲ್ಲಿ ಕೂತು ಬೀನ್ಸ್ ಮುರಿಯುತ್ತಿದ್ದ ಪೈಪಣ್ಣನ ತಾಯಿ ಕೆಮ್ಮಿದರು. ಅದು ಕೆಮ್ಮಲ್ಲ, ನಗು ಎಂದು ಮೂವರಿಗೂ ಗೊತ್ತಿತ್ತು.

ಹುಂಜದ ಕಥೆ ಇಷ್ಟೇ. ಪೈಪಣ್ಣ ಮೂವತ್ತು ವರ್ಷದಿಂದ ನಲ್ಲಿ, ಪೈಪು, ಟ್ಯಾಂಕು ಎಂದು ಓಡಾಡುತ್ತಿರುವ ಮನುಷ್ಯ. ಆ ಹೆಸರೂ ಹಾಗೆಯೇ ಬಂದದ್ದು. ಕೆಲಸದ ಜಾಗದಲ್ಲಿ ಡ್ರಿಲ್ ಮೆಷಿನ್ನಿನ ಸದ್ದಿನ ನಡುವೆಯೂ ಕೇಳಿಸಲಿ ಎಂದು ಫೋನಿಗೆ ಹುಂಜದ ಕೂಗು ಹಾಕಿಸಿಕೊಂಡಿದ್ದ. ಹೋದ ಭಾನುವಾರ ಅಂಚೆ ಕಚೇರಿಯವರ ನಾಟಕದ ಮೊದಲ ಪ್ರದರ್ಶನ. ಅಲ್ಲಿನ ಕೌಂಟರಿನಲ್ಲಿ ಇಪ್ಪತ್ತಾರು ವರ್ಷ ದುಡಿದ ಹೆಂಡತಿಗೆ ಹುಟ್ಟಿ ಬುದ್ಧಿ ತಿಳಿದಮೇಲೆ ಸಿಕ್ಕ ಮೊದಲ ಪಾತ್ರ. ವಸತಿಗೃಹ ನಡೆಸುವ ಗಯ್ಯಾಳಿ ಹೆಂಗಸಿನ ವೇಷ. ಕೊನೆಯ ದೃಶ್ಯದಲ್ಲಿ ಅಲ್ಲೇ ಬಾಡಿಗೆಗಿರುವ ಮುದಿ ಸ್ಟೇಷನ್ ಮಾಸ್ತರು ಧೈರ್ಯ ಮಾಡಿ, “ನನ್ನನ್ನ ಮದುವೆ ಆಗ್ತೀರಾ?” ಎಂದು ಕೇಳುತ್ತಾರೆ. ಅವಳು ತಕ್ಷಣ ಉತ್ತರ ಕೊಡುವುದಿಲ್ಲ. ಕನ್ನಡಕ ತೆಗೆಯುತ್ತಾಳೆ, ಕರವಸ್ತ್ರದಿಂದ ಗಾಜು ಒರೆಸುತ್ತಾಳೆ, ಮತ್ತೆ ಹಾಕಿಕೊಂಡು ಅವರನ್ನು ನೋಡಿ ಒಂದೇ ಮಾತು ಹೇಳುತ್ತಾಳೆ: “ನಾಳೆಯಿಂದ ಬಾಡಿಗೆ ಕೊಡಬೇಡಿ.”

ಆ ಗಾಜು ಒರೆಸುವಷ್ಟು ಹೊತ್ತಿನ ಮೌನದಲ್ಲೇ ನಾಟಕದ ಜೀವ ಇದೆ ಎಂದು ನಿರ್ದೇಶಕರು ಮೂರು ತಿಂಗಳು ಅವಳನ್ನು ಕಾಡಿದ್ದರು. ಅಂಥ ಮೌನದ ನಟ್ಟನಡುವೆ ಮುಂದಿನ ಸಾಲಿನಿಂದ ಹುಂಜ ಕೂಗಿತು. ಕೂಗಿದ್ದು ಸಾಲದು ಎಂಬಂತೆ ಪೈಪಣ್ಣ ಬಗ್ಗಿ ಕೂತು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ತನ್ನ ಲೆಕ್ಕದಲ್ಲಿ ಬಹಳ ಮೆತ್ತಗೆ, “ಹಲೋ, ನಾಟಕದಲ್ಲಿದೀನಿ. ಮೊದಲು ಮೇನ್ ವಾಲ್ವ್ ಮುಚ್ಚಿ!” ಎಂದ. ಇಡೀ ಸಭಾಂಗಣ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವಳು ಹೇಳಿದ ಮಾತು ಸ್ಟೇಷನ್ ಮಾಸ್ತರಿಗೂ ಕೇಳಿಸಲಿಲ್ಲ. ಸೋಮವಾರದಿಂದ ಕೌಂಟರಿಗೆ ಬಂದವರೆಲ್ಲ, “ಮೇಡಂ, ವಾಲ್ವ್ ಮುಚ್ಚಿದ್ರಾ?” ಎಂದು ಕೇಳುತ್ತಿದ್ದರು.

“ಆಯ್ತು ಕಣೇ, ತಪ್ಪಾಯ್ತು ಅಂತ ಎಷ್ಟು ಸಲ ಹೇಳಲಿ?” ಎಂದ ಪೈಪಣ್ಣ. “ನೀನೂ ನನ್ನ ಕಷ್ಟ ನೋಡು. ನೀರೇನು ಹೇಳಿ ಕೇಳಿ ನುಗ್ಗುತ್ತಾ? ಯಾರ ಮನೇಲೋ ಮಂಚದ ಕೆಳಗೆ ನೀರು ನಿಂತಿರುತ್ತೆ, ವಯಸ್ಸಾದವರು ಒಬ್ಬರೇ ಇರ್ತಾರೆ. ಅವರು ಫೋನ್ ಮಾಡಿದಾಗ ನಾನು ಎತ್ತದೇ ಹೋದ್ರೆ ಅದು ಕೆಲಸ ಅನ್ನಿಸ್ಕೊಳ್ಳುತ್ತಾ?”

“ನಿಮ್ಮ ಕೆಲಸ ಕೀಳು ಅಂದ್ನಾ ನಾನು? ನನ್ನದೂ ಸ್ವಲ್ಪ ಕೇಳಿ.” ಅವಳು ಪಾಸುಗಳನ್ನು ಒಟ್ಟು ಮಾಡಿ ಮೇಜಿಗೆ ಕುಟ್ಟಿ ಅಂಚು ಸರಿ ಮಾಡಿದಳು. “ಇಪ್ಪತ್ತಾರು ವರ್ಷ ಆ ಕಿಟಕಿ ಹಿಂದೆ ಕೂತಿದೀನಿ. ಜನ ಸ್ಟಾಂಪ್ ನೋಡ್ತಾರೆ, ರಸೀದಿ ನೋಡ್ತಾರೆ, ಯಾರೂ ನನ್ನ ಮುಖ ನೋಡಲ್ಲ. ಆವತ್ತು ಆ ಕನ್ನಡಕ ತೆಗೆದಾಗ ಮುನ್ನೂರು ಜನ ನನ್ನನ್ನೇ ನೋಡ್ತಾ ಇದ್ರು ರೀ. ಆಮೇಲೆ ಎಲ್ಲರೂ ನಿಮ್ಮ ಕಡೆ ತಿರುಗಿದ್ರು.”

ತಾಯಿ ಬೀನ್ಸ್ ನಾರು ಎಸೆಯುತ್ತ, “ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ,” ಎಂದು ಯಾರಿಗೂ ಹೇಳದವರಂತೆ ಹೇಳಿದರು. ಪೈಪಣ್ಣ ಇಂಗು ತಿಂದ ಮಂಗನಂತೆ ಮುಖ ಮಾಡಿಕೊಂಡು ಟೂಲ್ ಬ್ಯಾಗು ಹೆಗಲಿಗೇರಿಸಿ ಹೊರಟ.

ಆ ದಿನದ ಕೆಲಸ ನಿವೃತ್ತ ಹೆಡ್‌ಮಿಸ್ಸೊಬ್ಬರ ಮನೆಯಲ್ಲಿ. ಒಳಗೋಡೆಯೆಲ್ಲ ತೇವ, ಬಣ್ಣ ಹಪ್ಪಳದಂತೆ ಎದ್ದು ನಿಂತಿತ್ತು. ಆದರೆ ಪೈಪು ಎಲ್ಲಿ ಒಡೆದಿದೆ ಎಂದು ಯಾರಿಗೂ ತಿಳಿಯದು. ಹಿಂದೆ ಬಂದ ಇಬ್ಬರು ಮೇಸ್ತ್ರಿಗಳು ಗೋಡೆಯನ್ನು ಎರಡು ಕಡೆ ಅಗೆದು, ಕೈಚೆಲ್ಲಿ ಹೋಗಿದ್ದರು. ಇಂಥ ಕಡೆ ಜನ ಪೈಪಣ್ಣನನ್ನು ಹುಡುಕಿಕೊಂಡು ಬರುತ್ತಿದ್ದದ್ದು ಅವನ ಕಿವಿಗಾಗಿ. ಒಂದು ಉದ್ದನೆಯ ಕಬ್ಬಿಣದ ಸರಳಿನ ಒಂದು ತುದಿಯನ್ನು ಗೋಡೆಗೊತ್ತಿ, ಇನ್ನೊಂದು ತುದಿಯನ್ನು ಕಿವಿಗೆ ಹಚ್ಚಿಕೊಂಡು ಅವನು ನೀರಿನ ಸದ್ದು ಹುಡುಕುತ್ತಿದ್ದ. ಸೋರುವ ಜಾಗದಲ್ಲಿ ಗೋಡೆ ಬಲು ಸಣ್ಣಗೆ ಸುಯ್ಯೆನ್ನುತ್ತದೆ.

“ಫ್ಯಾನು ಆರಿಸಿ ಅಮ್ಮ. ಫ್ರಿಜ್ಜೂ ಆರಿಸಿ. ಕುಕ್ಕರ್ ಕೆಳಗಿಳಿಸಿ. ಇನ್ನು ಕಾಲು ಗಂಟೆ ಯಾರೂ ಮಾತಾಡಬಾರದು.”

ಹೆಡ್‌ಮಿಸ್ಸು ಕ್ಲಾಸಿನ ಮಕ್ಕಳಂತೆ ತುಟಿಯ ಮೇಲೆ ಬೆರಳಿಟ್ಟುಕೊಂಡು ಕುರ್ಚಿಯಲ್ಲಿ ಕೂತರು. ಪೈಪಣ್ಣ ಕಣ್ಣು ಮುಚ್ಚಿ ಗೋಡೆಯುದ್ದಕ್ಕೂ ಗೇಣು ಗೇಣಾಗಿ ಸರಿದ. ಕಿಟಕಿಯ ಹತ್ತಿರ ಬಂದಾಗ ಸದ್ದಿನ ಎಳೆಯೊಂದು ಸಿಕ್ಕಿತು. ಇನ್ನೊಂದು ಗೇಣು ಕೆಳಗಿಳಿದರೆ ಜಾಗ ಸಿಕ್ಕಂತೆಯೇ. ಅಷ್ಟರಲ್ಲಿ ಹೆಡ್‌ಮಿಸ್ಸಿನ ಫೋನು ಹೊಡೆದುಕೊಂಡಿತು.

“ಹಾಂ, ಹೇಳು ಮಗಳೇ! ಇಲ್ಲ, ಏನೂ ಕೆಲಸ ಇಲ್ಲ, ಸುಮ್ಮನೆ ಕೂತಿದೀನಿ!”

ಎಳೆ ತಪ್ಪಿಹೋಯಿತು. ಪೈಪಣ್ಣ ಸರಳು ಕೆಳಗಿಳಿಸಿ ತಿರುಗಿದ. “ಏನಮ್ಮ ನೀವು! ಈಗ ತಾನೆ ಸಿಕ್ಕಿತ್ತು. ಕಾಲು ಗಂಟೆ ಆ ಫೋನು ಆರಿಸಿಟ್ರೆ ಆಕಾಶ ಕಳಚಿ ಬೀಳುತ್ತಾ? ಇನ್ನು ಮೊದಲಿಂದ ಶುರು ಮಾಡಬೇಕು!”

ಹೆಡ್‌ಮಿಸ್ಸು ಫೋನು ಕೆಳಗಿಟ್ಟರು. ಜೀವನದಲ್ಲಿ ಅವರನ್ನು ಬೈದವರು ಕಡಿಮೆ. “ತಪ್ಪಾಯ್ತಪ್ಪ,” ಎಂದರು. ಆದರೆ ಹಳೇ ಅಭ್ಯಾಸ, ಪ್ರಶ್ನೆ ಕೇಳದೆ ಬಿಡಲಿಲ್ಲ: “ನಿನ್ನ ಫೋನೋ?”

“ಗೋಡೆಗೆ ಕಿವಿ ಕೊಡೋಕೆ ಮುಂಚೆ ನನ್ನ ಫೋನು ಆರಿಸಿ ಬ್ಯಾಗಿಗೆ ಹಾಕಿಬಿಡ್ತೀನಮ್ಮ. ಯಾವಾಗಲೂ ಅಷ್ಟೇ.”

“ಅಷ್ಟರಲ್ಲಿ ಯಾರಾದ್ರೂ ಅರ್ಜೆಂಟು ಅಂತ ಮಾಡಿದ್ರೆ?”

“ಮಾಡಿದ್ರೆ ಮಾಡಲಿ. ಕಾಲು ಗಂಟೆ ಕಾಯಲಾರದಂಥ ನೀರು ಯಾವುದು...”

ಮಾತು ಅರ್ಧಕ್ಕೇ ನಿಂತಿತು. ಹೆಡ್‌ಮಿಸ್ಸು ಮುಂದಿನದಕ್ಕಾಗಿ ಕಾದರು. ಪೈಪಣ್ಣ ಮಾತ್ರ ತೇವದ ಗೋಡೆಯನ್ನೇ ನೋಡುತ್ತ ನಿಂತಿದ್ದ. ಮೂವತ್ತು ವರ್ಷದಿಂದ ಕಂಡಕಂಡವರ ಗೋಡೆಗೆ ಕೊಡುತ್ತ ಬಂದ ಮರ್ಯಾದೆಯನ್ನು ತನ್ನ ಹೆಂಡತಿಗೆ ಒಂದು ಸಂಜೆ ಕೊಡಲಾಗಲಿಲ್ಲವಲ್ಲ ಎಂದು ಅವನಿಗೆ ನಿಜವಾಗಿ ನಾಚಿಕೆಯಾಯಿತು. ಆಮೇಲೆ ಮತ್ತೆ ಸರಳೆತ್ತಿಕೊಂಡ. ಸೋರುವ ಜಾಗ ಕಿಟಕಿಯ ಕೆಳಗೇ ಇತ್ತು.

ಮರುದಿನ ಭಾನುವಾರ. ಹೆಂಡತಿ ಬಣ್ಣ ಹಚ್ಚಿಸಿಕೊಳ್ಳಲು ಮಧ್ಯಾಹ್ನವೇ ಹೊರಟುಹೋದಳು. ಪೈಪಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ತಾಯಿಯ ಮುಂದೆ ಫೋನು ಇಟ್ಟ.

“ಅಮ್ಮ, ಎಂಟು ಗಂಟೆ ತನಕ ಇದನ್ನ ನೋಡ್ಕೋತೀಯಾ?”

ತಾಯಿ ಫೋನನ್ನೂ ಮಗನನ್ನೂ ಒಂದೊಂದು ಸಲ ನೋಡಿದರು. “ಅಂತೂ ಬುದ್ಧಿ ಬಂತು. ನಾನು ನಾಟಕ ಒಂದು ಸಲ ನೋಡಿದೀನಿ. ನಿನ್ನ ಹುಂಜದ ಪಾರ್ಟೂ ನೋಡಿದೀನಿ. ನೀನು ಹೋಗು.”

“ಯಾರಾದ್ರೂ ಮಾಡಿದ್ರೆ ಏನು ಹೇಳ್ತೀಯ?”

“ನಿನ್ನ ಬಾಯಲ್ಲಿ ಮೂವತ್ತು ವರ್ಷದಿಂದ ಕೇಳಿದ್ದನ್ನೇ ಹೇಳ್ತೀನಿ. ತನ್ನ ಕೋಳಿ ಕೂಗಿದ್ರೇನೇ ಬೆಳಗಾಗೋದು ಅಂದ್ಕೊಂಡಿದ್ಲಂತೆ ಒಬ್ಬ ಮುದುಕಿ. ನೀನೂ ಹಂಗೇ ಆಡಬೇಡ. ಅವಳಿಗೆ ಹೇಳಿದೀಯಾ?”

“ಇಲ್ಲಮ್ಮ. ನಾನು ಬಂದಿದೀನಿ ಅಂತ ಗೊತ್ತಾದ್ರೆ ಅವಳ ಕಿವಿ ನನ್ನ ಜೇಬಿನ ಮೇಲೇ ಇರುತ್ತೆ. ಮಾತು ಮರೆತುಹೋಗುತ್ತೆ.”

ತಾಯಿ ಎದ್ದು ಬಂದು ಅವನ ಕಾಲರು ಸರಿಮಾಡಿ ಕಳಿಸಿದರು.

ಬಾಗಿಲಲ್ಲಿ ಟಿಕೆಟು ಕೊಂಡು ಪೈಪಣ್ಣ ಕೊನೆಯ ಸಾಲಿನ ಮೂಲೆಯಲ್ಲಿ ಕೂತ. ಮೊದಲ ಹತ್ತು ನಿಮಿಷ ಅವನ ಕೈ ತಾನಾಗಿಯೇ ಜೇಬಿಗೆ ಹೋಗಿ ಖಾಲಿ ಜೇಬು ಮುಟ್ಟಿ ವಾಪಸು ಬರುತ್ತಿತ್ತು. ಆಮೇಲೆ ನಾಟಕ ಅವನನ್ನು ಎಳೆದುಕೊಂಡಿತು. ಹೋದ ವಾರ ಅರ್ಧ ನಾಟಕ ಫೋನಿನ ಪರದೆಯಲ್ಲೇ ಕಳೆದುಹೋಗಿತ್ತು ಎಂದು ಈಗ ಗೊತ್ತಾಯಿತು. ವಸತಿಗೃಹದಲ್ಲಿ ಗಿಣಿ ಸಾಕಿದ್ದಾರೆ ಎನ್ನುವುದೇ ಅವನಿಗೆ ತಿಳಿದಿರಲಿಲ್ಲ! ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಬಾಡಿಗೆದಾರರನ್ನು ಗದರಿದಾಗ ಜನರೆಲ್ಲರಿಗಿಂತ ಜೋರಾಗಿ ಇವನೇ ನಕ್ಕ. ಆ ಗದರಿಕೆಯ ಪರಿಚಯ ಅವನಿಗಿದ್ದಷ್ಟು ಇನ್ನಾರಿಗಿತ್ತು?

ಕೊನೆಯ ದೃಶ್ಯ ಬಂತು. ಸ್ಟೇಷನ್ ಮಾಸ್ತರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅಷ್ಟರಲ್ಲಿ ಪಕ್ಕದ ಸೀಟಿನ ದಪ್ಪ ಮೀಸೆಯವನು ವಿಡಿಯೊ ತೆಗೆಯಲೆಂದು ಫೋನೆತ್ತಿದ. ಪರದೆಯ ಬೆಳಕು ಹರಡಿ, ಮುಂದಿನ ಸಾಲಿನ ಇಬ್ಬರು ತಿರುಗಿ ನೋಡಿದರು. ಗದರಲು ಬಾಯಿ ತೆರೆದ ಪೈಪಣ್ಣನಿಗೆ ತನ್ನ ಯೋಗ್ಯತೆ ನೆನಪಾಯಿತು. ಮೀಸೆಯವನ ಕಿವಿಯ ಹತ್ತಿರ ಬಗ್ಗಿದ.

“ಸ್ವಾಮಿ, ಈಗ ಆಕೆ ಸ್ವಲ್ಪ ಹೊತ್ತು ಏನೂ ಮಾತಾಡಲ್ಲ. ಅದು ಫೋನಿಗೆ ಸಿಗಲ್ಲ. ಹಂಗೇ ಕೇಳಿ.”

ಮಾತಾಡದಿದ್ದರೆ ಕೇಳುವುದೇನನ್ನು ಎಂಬಂತೆ ಮೀಸೆಯವನು ಇವನನ್ನು ದುರುಗುಟ್ಟಿ ನೋಡಿದ. ಆದರೂ ಯಾಕೋ, ಫೋನನ್ನು ತೊಡೆಯ ಮೇಲೆ ಮಗುಚಿಟ್ಟ.

“ನನ್ನನ್ನ ಮದುವೆ ಆಗ್ತೀರಾ?”

ಅವಳು ಕನ್ನಡಕ ತೆಗೆದಳು. ಮುನ್ನೂರು ಜನ ಉಸಿರು ಬಿಗಿ ಹಿಡಿದರು. ಎಡಗಡೆಯ ಗಾಜು ಒರೆಸಿದಳು. ಬಲಗಡೆಯ ಗಾಜು ಒರೆಸಿದಳು. ಬಟ್ಟೆ ಗಾಜಿಗೆ ತಾಗುವ ಸದ್ದು ಕೊನೆಯ ಸಾಲಿಗೂ ಬಂತು. ಬೆಳಕಿಗೆ ಹಿಡಿದು ನೋಡಿ, ಮತ್ತೆ ಎಡಗಡೆಯ ಗಾಜನ್ನೇ ಒರೆಸತೊಡಗಿದಳು. ಕನ್ನಡಕವಿಲ್ಲದ ಆ ಮುಖದಲ್ಲಿ ಆಸೆ, ಅಂಜಿಕೆ, ನಗು ಒಂದರ ಹಿಂದೊಂದು ಬಂದುಹೋದದ್ದನ್ನು ಪೈಪಣ್ಣ ನೋಡಿದ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಈ ಮುಖವನ್ನು ಇಷ್ಟು ಹೊತ್ತು ಎಂದಾದರೂ ನೋಡಿದ್ದೆನೇ ಎಂದು ಅವನಿಗೆ ಕಣ್ಣು ತುಂಬಿ ಬಂತು.

“ನಾಳೆಯಿಂದ ಬಾಡಿಗೆ ಕೊಡಬೇಡಿ.”

ಚಪ್ಪಾಳೆ ಸೂರು ಹಾರಿಸುವಂತಿತ್ತು. ಮೀಸೆಯವನು ಎದ್ದು ನಿಂತು ಸಿಳ್ಳೆ ಹಾಕಿದ. “ಯಾರ್ರೀ ಆಯಮ್ಮ?” ಎಂದು ಕೂಗಿ ಕೇಳಿದ. ಪೈಪಣ್ಣ ನಕ್ಕು, ಬಾಗಿಲಿನತ್ತ ಓಡಿದ.

ಮನೆಯಲ್ಲಿ ತಾಯಿ ಗಂಟಲು ಕಟ್ಟಿಕೊಂಡು ಕೂತಿದ್ದರು. “ನಾಲ್ಕು ಜನ ಮಾಡಿದ್ರು ಕಣೋ. ಇಬ್ಬರಿಗೆ ಮೇನ್ ವಾಲ್ವ್ ಮುಚ್ಚಿಸಿದೆ. ಒಬ್ಬನದು ರಾಂಗ್ ನಂಬರು, ಪಾಪ, ಒಳ್ಳೆ ಹುಡುಗ, ಕಾಲು ಗಂಟೆ ಮಾತಾಡಿದ. ಇನ್ನೊಬ್ಬಳು ನಲ್ಲಿ ಸೋರ್ತಿದೆ, ಅರ್ಜೆಂಟು ಅಂದ್ಲು. ಎಷ್ಟು ದಿನದಿಂದ ಅಂತ ಕೇಳಿದೆ. ಎರಡು ತಿಂಗಳಂತೆ! ಎರಡು ತಿಂಗಳು ಸೋರಿದ್ದು ಇನ್ನೆರಡು ಗಂಟೆ ಸೋರಲಿ ಬಿಡಮ್ಮ ಅಂದೆ.”

ಅರ್ಧ ಗಂಟೆಯ ಮೇಲೆ ಹೆಂಡತಿ ಬಂದಳು. ಮುಖದ ಬಣ್ಣ ಕೂಡ ತೊಳೆದಿರಲಿಲ್ಲ. ಚಪ್ಪಲಿ ಒಂದು ಕಡೆ, ಕೈಚೀಲ ಇನ್ನೊಂದು ಕಡೆ ಬಿತ್ತು.

“ಅತ್ತೆ, ಇವತ್ತು ಏನಾಯ್ತು ಗೊತ್ತಾ! ಸೂಜಿ ಬಿದ್ರೂ ಕೇಳಿಸೋ ಹಾಗಿತ್ತು. ಒಂದು ಫೋನಿಲ್ಲ, ಒಂದು ಪಿಸುಮಾತಿಲ್ಲ. ನಿರ್ದೇಶಕರು ಅಳ್ತಾ ಬಂದು ಕೈ ಹಿಡ್ಕೊಂಡ್ರು.” ಹಾಗೆನ್ನುತ್ತಲೇ ಗಂಡನ ಕಡೆ ತಿರುಗಿದಳು. ಅವನು ಪೇಪರ್ ಓದುವವನಂತೆ ಕೂತಿದ್ದ. ಅವಳ ದನಿ ಇಳಿಯಿತು. “ಬೇಡ ಅಂದಿದ್ದು ನಾನೇ. ಆದ್ರೂ ನೀವು ಇರಬೇಕಿತ್ತು ರೀ.”

ತಾಯಿ ತಲೆ ಬಗ್ಗಿಸಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಪೈಪಣ್ಣ ಪೇಪರ್ ಮಡಚಿದ.

“ಅದಿರಲಿ. ಎಡಗಡೆ ಗಾಜನ್ನ ಎರಡೆರಡು ಸಲ ಯಾಕೆ ಒರೆಸಿದೆ?”

ಅವಳು ನಿಂತಲ್ಲೇ ನಿಂತಳು. ಅವನ ಇಸ್ತ್ರಿ ಅಂಗಿ ನೋಡಿದಳು, ಅತ್ತೆಯ ಮಡಿಲಲ್ಲಿದ್ದ ಫೋನು ನೋಡಿದಳು. ನಕ್ಕಳು, ನಗುತ್ತಲೇ ಕಣ್ಣೀರು ಬಂದು ಕೆನ್ನೆಯ ಬಣ್ಣ ಕದಡಿತು.

“ಅಷ್ಟೂ ಜನ ನನಗೋಸ್ಕರ ಸುಮ್ಮನೆ ಕೂತಿದ್ರು ರೀ,” ಎಂದಳು. “ಬೇಗ ಮುಗಿಸೋಕೆ ಮನಸ್ಸೇ ಬರಲಿಲ್ಲ.”