ಕೆಂಚಿ ಒದ್ದದ್ದು ಯಾಕೆ

ನೈಟಿ ತೊಟ್ಟ ಹೆಂಗಸರನ್ನು ಕಂಡರೆ ಹೆಗ್ಗದ್ದೆಯ ಗಂಗಾಮಣಿಗೆ ಆಗುತ್ತಿರಲಿಲ್ಲ. ಹಗಲುಹೊತ್ತಿನಲ್ಲಿ ಇದೆಂಥ ವೇಷ ಎಂದು ಮೂತಿ ತಿರುಗಿಸುತ್ತಿದ್ದಳು. ಅಂಥವಳು ಇವತ್ತು ಬೆಳಿಗ್ಗೆ ಸೊಸೆ ಬಿಚ್ಚಿಟ್ಟಿದ್ದ ಹೂವಿನ ನೈಟಿಯನ್ನು ಸೀರೆಯ ಮೇಲೆಯೇ ಏರಿಸಿಕೊಂಡು, ಚೊಂಬು ಹಿಡಿದು ಕಳ್ಳಿಯ ಹಾಗೆ ಕೊಟ್ಟಿಗೆಗೆ ನುಗ್ಗಿದಳು. ಹಸುವನ್ನೇ ಯಾಮಾರಿಸಬೇಕಿತ್ತು.

ಕೆಂಚಿಯನ್ನು ಕರುವಾಗಿದ್ದಾಗಿನಿಂದ ಸಾಕಿದವಳು ಅವಳು. ಅದು ಕಿವಿ ಅಲುಗಿಸಿದರೂ ಬಾಯಾರಿಕೆಯೋ ಬೇಸರವೋ ತನಗೆ ತಿಳಿಯುತ್ತದೆಂದು ಊರೆಲ್ಲ ಹೇಳಿಕೊಂಡಿದ್ದಳು. ಕಾಫಿ ಕುಯ್ಯುವಾಗ ಜಾರಿ ಬಿದ್ದು ಬಲಗೈ ಉಳುಕಿದ್ದರಿಂದ ಒಂದು ತಿಂಗಳು ಸೊಸೆ ಮಂಜುಶ್ರೀ ಹಾಲು ಕರೆದಳು. ಆಮೇಲೆ ಗಂಗಾಮಣಿ ಹತ್ತಿರ ಹೋದರೆ ಕೆಂಚಿ ಕೈ ಮೂಸಿ ಬುಸ್ಸೆಂದು ಮುಖ ತಿರುಗಿಸುತ್ತಿತ್ತು. ಕೆಚ್ಚಲು ಮುಟ್ಟಿದರೆ ಒದೆ. ಮಂಜುಶ್ರೀ ಕೂತರೆ ಮಾತ್ರ ಕಣ್ಣು ಅರೆಮುಚ್ಚಿ ಚೊಂಬು ತುಂಬಿಸುತ್ತಿತ್ತು. ನೋಡಿ ನೋಡಿ ಗಂಗಾಮಣಿಯ ಹೊಟ್ಟೆ ಉರಿದುಹೋಯಿತು. ಮಗನನ್ನು ಬಿಟ್ಟುಕೊಟ್ಟಾಗಲೂ ಇಷ್ಟು ಸಂಕಟವಾಗಿರಲಿಲ್ಲ. ಆಲೂರಿನಿಂದ ಮೊನ್ನೆ ಬಂದವಳಿಗೆ ಹಸುವೂ ಬೇಕಿತ್ತೇ? ಬೆಲ್ಲ ತಿನ್ನಿಸಿ ಒಲಿಸಿಕೊಂಡಿದ್ದಾಳೆ, ಅನುಮಾನವೇ ಇಲ್ಲ.

ಕೆಂಚಿ ನೈಟಿ ಮೂಸಿ ಸುಮ್ಮನಾಯಿತು. ಗಂಗಾಮಣಿ ಹಿಗ್ಗಿ ಕೂತು ಮೊಲೆಗೆ ಕೈ ಹಾಕಿದಳಷ್ಟೆ. ಚೊಂಬು ಒಂದು ಕಡೆ, ಗಂಗಾಮಣಿ ಒಂದು ಕಡೆ.

"ಅತ್ತೇ!"

ಬಾಗಿಲಲ್ಲಿ ಮಂಜುಶ್ರೀ. ತನ್ನ ನೈಟಿಯಲ್ಲಿ ಸಗಣಿಯ ಮೇಲೆ ಬಿದ್ದಿದ್ದ ಅತ್ತೆಯನ್ನು ಕಂಡು ಅವಳಿಗೆ ನಗು ಬರಲಿಲ್ಲ. ಓಡಿ ಬಂದು ಎಬ್ಬಿಸಿದಳು.

"ಏನ್ ತಿನ್ನುಸ್ದೆ ಹೇಳೇ ಇದುಕ್ಕೆ?" ಗಂಗಾಮಣಿ ಸೊಸೆಯ ಕೈ ಕೊಡವಿದಳು. "ನನ್ ಹಸ ಕಣೇ ಇದು."

"ಏನೂ ಇಲ್ಲ ಅತ್ತೆ. ನಿಮ್ ಕೈ ಮೂಸ್ಕಳಿ."

ಮೂಸಿದಳು. ದಿನಾ ರಾತ್ರಿ, ಬೆಳಿಗ್ಗೆ ತಿಕ್ಕಿಕೊಳ್ಳುವ ನೋವಿನ ಮುಲಾಮು. ತನ್ನ ಮೂಗಿಗೆ ಅದು ಎಂದೋ ಒಗ್ಗಿಹೋಗಿತ್ತು.

"ಮೊಲೆಗೆ ತಾಗುದ್ರೆ ಉರಿತೈತೆ. ಅದುನ್ನೇ ಅದು ದಿನಾ ಹೇಳ್ತಿತ್ತು."

ಗಂಗಾಮಣಿ ಮತ್ತೊಮ್ಮೆ ಕೈ ಮೂಸಿ ನೋಡಿದಳು. ಊರಿಗೆಲ್ಲ ಹಸುವಿನ ಭಾಷೆ ಹೇಳಿದವಳು! "ನಿಂಗೆ ಯಾವತ್ತಿಂದ ಗೊತ್ತು?"

"ಮೊದ್ಲುನೇ ದಿನದಿಂದ." ಮಂಜುಶ್ರೀ ತಲೆ ತಗ್ಗಿಸಿದಳು. "ಅದುಕ್ಕೆ ಉರಿತೈತೆ ಅಂತ ಗೊತ್ತಿದ್ರೂ ಬಾಯ್ ಮುಚ್ಕಂಡಿದ್ದೆ. ತಪ್ಪಾಯ್ತು. ಈ ಮನೇಲಿ ನಾನ್ ಬರ್ತಿದ್ದಂಗೆ ತಲೆ ಎತ್ತಿ ನೋಡೋದು ಅದೊಂದೇ ಅತ್ತೆ. ನಿಮ್ಗೆ ವಾಪಸ್ ಕೊಡಕ್ಕೆ ಮನ್ಸೇ ಬರ್ಲಿಲ್ಲ."

ಗಂಗಾಮಣಿಗೆ ಬೈಯಬೇಕೆನಿಸಿತು. ಆದರೆ ಹುಡುಗಿ ಬಂದು ಮೂರು ತಿಂಗಳಾಗಿದ್ದರೂ ಊಟ ಮಾಡಿದೆಯಾ ಎಂದು ತಾನು ಕೇಳಿದ್ದು ನೆನಪಿರಲಿಲ್ಲ. ಎದ್ದು ಹೋಗಿ ಸೀಗೆಪುಡಿ ಹಾಕಿ ಕೈ ಉಜ್ಜಿ ಉಜ್ಜಿ ತೊಳೆದು ಬಂದಳು. ಕೆಂಚಿ ಮೂಸಿ, ಅಂಗೈಯನ್ನು ಒರಟು ನಾಲಿಗೆಯಿಂದ ನೆಕ್ಕಿತು. ಹಾಲು ಇಳಿಯಿತು.

ಸಂಜೆ ಗಂಗಾಮಣಿಯ ಕೈ ನೋಯುತ್ತಿರಲಿಲ್ಲ. ಆದರೂ ಮುಲಾಮಿನ ಡಬ್ಬಿ ತೆಗೆದು ಎರಡೂ ಕೈಗೆ ಬಳಿದುಕೊಂಡಳು.

"ಮಂಜೂ, ಚೊಂಬು ತಗಂಡ್ ಹೋಗೇ. ನಾನು ಮುಲಾಮು ಹಚ್ಕಂಬುಟ್ಟೆ, ಕೆಂಚಿ ನಿನ್ ದಾರಿ ಕಾಯ್ತಾ ಐತೆ," ಎಂದು ಕೂಗಿದಳು. ಸೊಸೆ ಅಂಗಳ ದಾಟುವಷ್ಟರಲ್ಲಿ ತಡೆಯಲಾರದೆ ಬಾಗಿಲಿಗೆ ಬಂದಳು.

"ಬೆಳಗ್ಗಿಂದು ಮಾತ್ರ ನಂದು, ಹೇಳಿದೀನಿ ನೋಡು!"