ಹೆನೆಗನ್ ಅಂಗಡಿಯ ಹಲಗೆಗಳು

ಕ್ಲೂನ್‌ಬರಾದ ಚೌಕದಲ್ಲಿ ನಿಂತು ಒಮ್ಮೆ ಸುತ್ತ ನೋಡಿದರೆ ಇಷ್ಟು ಚೆಂದದ ಊರು ಇನ್ನೆಲ್ಲೂ ಇರಲಾರದು ಅನ್ನಿಸಬೇಕು. ಒಂದು ಟೋಪಿ ಅಂಗಡಿ, ಒಂದು ಹೂವಿನಂಗಡಿ, ಕಿಟಕಿಯ ತುಂಬ ರೊಟ್ಟಿ ಜೋಡಿಸಿಟ್ಟ ಬೇಕರಿ. ರೊಟ್ಟಿ ತರೋಣವೆಂದು ಬಾಗಿಲು ತಳ್ಳಲು ಹೋದರೆ ಮಾತ್ರ ಕೈ ಹಲಗೆಗೆ ಬಡಿಯುತ್ತದೆ. ಎಲ್ಲವೂ ಮುಚ್ಚಿಹೋದ ಅಂಗಡಿಗಳ ಹಲಗೆಯ ಮೇಲೆ ಬಣ್ಣದಲ್ಲಿ ಬಿಡಿಸಿದ್ದು. ಟೋಪಿಯೂ ಸುಳ್ಳು, ಹೂವೂ ಸುಳ್ಳು, ಕಿಟಕಿಯಲ್ಲಿ ಮಲಗಿರುವ ಬೆಕ್ಕೂ ಸುಳ್ಳು. ನಿಜವಾದ ರೊಟ್ಟಿ ಬೇಕಾದರೆ ಹೆದ್ದಾರಿಯ ಪೆಟ್ರೋಲ್ ಬಂಕಿಗೆ ಹೋಗಬೇಕು.

ಇದೆಲ್ಲ ಚೆಂದದ ಊರುಗಳ ಸ್ಪರ್ಧೆಗಾಗಿ. ಜೂನ್ ತಿಂಗಳಲ್ಲಿ ಯಾವತ್ತೋ ಒಂದು ದಿನ ತೀರ್ಪುಗಾರರು ಹೇಳದೆ ಕೇಳದೆ ಬಂದು ಊರು ಸುತ್ತಿ ಅಂಕ ಹಾಕಿ ಹೋಗುತ್ತಾರೆ. ಅದಕ್ಕೆ ನಮ್ಮ ಸಮಿತಿಯವರು ಏಪ್ರಿಲ್‌ನಿಂದಲೇ ಹಳದಿ ಅಂಗಿ ತೊಟ್ಟು, ಬೀದಿಯಲ್ಲಿ ಬಿದ್ದ ಸಿಗರೇಟಿನ ತುಂಡುಗಳನ್ನು ಕಡ್ಡಿಯಲ್ಲಿ ಚುಚ್ಚಿ ಎತ್ತಲು ಶುರು ಮಾಡುತ್ತಾರೆ. ಬಾಗಿಲು ಮುಚ್ಚಿದ ಅಂಗಡಿ ಕಂಡರೆ ಅಂಕ ಕಳೆಯುತ್ತಾರಂತೆ. ಬಾಗಿಲೇ ಇಲ್ಲದ ಅಂಗಡಿ ಕಂಡರೆ ಕಳೆಯುವುದಿಲ್ಲ. ಇದು ಯಾವ ಲೆಕ್ಕವೋ ನನಗೆ ಗೊತ್ತಾಗಿಲ್ಲ. ಶಾಲೆ ಅರ್ಧಕ್ಕೆ ಬಿಟ್ಟವನು ನಾನು, ಓದಿದವರಿಗೆ ಗೊತ್ತಿರಬಹುದು.

ನಾನು ಗಾಲ್ವೇ ನಗರಕ್ಕೆ ಹೋಗಿ ಕ್ಷೌರ ಕಲಿತು ಬಂದವನು. ಬಂದ ದಿನದಿಂದ ಅಕ್ಕ ಗ್ರೋನ್ಯಳ ಅಡುಗೆಮನೆಯಲ್ಲೇ ಕತ್ತರಿ ಆಡಿಸುತ್ತಿದ್ದೇನೆ. ಮೊದಲು ಅವಳಿಗೂ ಖುಷಿಯಿತ್ತು, ಮನೆಯಲ್ಲಿ ನಾಲ್ಕು ಜನರ ಮಾತು ಕೇಳಿಸುತ್ತದೆ ಎಂದು. ಈಗ ಅವಳ ಮಗು ಅಂಬೆಗಾಲಿಡುತ್ತಿದೆ. ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ. ಮೊನ್ನೆ ಅದರ ಗಂಜಿಯಲ್ಲಿ ಅಂಚೆಯವನ ಗಡ್ಡ ಸಿಕ್ಕಿತು. ಬೇಸಿಗೆ ಮುಗಿಯುವುದರೊಳಗೆ ಬೇರೆ ಜಾಗ ನೋಡಿಕೊ, ಇಲ್ಲವೇ ಕತ್ತರಿ ಎತ್ತಿಕೊಂಡು ಗಾಲ್ವೇಗೇ ಹೋಗು ಎಂದು ಅಕ್ಕ ಹೇಳಿಬಿಟ್ಟಳು. ಅವಳದು ತಪ್ಪಲ್ಲ.

ಚೌಕದಲ್ಲಿ ಖಾಲಿ ಅಂಗಡಿಗಳಿಗೆ ಬರವೇ? ಆದರೆ ಹೆಚ್ಚಿನವಕ್ಕೆ ಯಜಮಾನ ಯಾರೆಂದೇ ಗೊತ್ತಿಲ್ಲ. ಒಬ್ಬ ಬಾಸ್ಟನ್ನಿನಲ್ಲಿ, ಒಬ್ಬ ಸ್ಮಶಾನದಲ್ಲಿ. ಊರಲ್ಲೇ ಯಜಮಾನ ಇರುವುದು ಹೆನೆಗನ್ ಅಂಗಡಿಗೆ ಮಾತ್ರ. ಹಿಂದೆ ಅದು ಬಟ್ಟೆ ಅಂಗಡಿ. ಬಾರ್ಟ್ಲಿ ಹೆನೆಗನ್‌ನ ತಾಯಿ ನಡೆಸುತ್ತಿದ್ದಳು. ಅವಳು ಸತ್ತ ಮೇಲೆ ಅವನು ಕಿಟಕಿಗಳಿಗೆ ಹಲಗೆ ಹೊಡೆಸಿದವನು ಮತ್ತೆ ಆ ಕಡೆ ತಿರುಗಿ ನೋಡಿಲ್ಲ. ಚರ್ಚಿನ ಗೇಟಿನಲ್ಲಿ, ಸಾವಿನ ಮನೆಯಲ್ಲಿ, ಕುದುರೆ ಜೂಜಿನ ಕೋಣೆಯಲ್ಲಿ, ಎಲ್ಲಿ ಸಿಕ್ಕರೂ ನಾನು ಅಂಗಡಿ ಬಾಡಿಗೆಗೆ ಕೊಡು ಎಂದು ಕೇಳಿದ್ದೇನೆ. ನೋಡೋಣ ಮಗಾ, ಎನ್ನುತ್ತಾನೆ. ನಮ್ಮೂರಲ್ಲಿ ಯಾರೂ ಬಾಯಿಬಿಟ್ಟು ಇಲ್ಲ ಎನ್ನುವುದಿಲ್ಲ. ನೋಡೋಣ ಎಂದವನ ಮುಖ ನೋಡಿ ನಾವೇ ತಿಳಿದುಕೊಳ್ಳಬೇಕು. ಹಾಗೆ ತಿಳಿದುಕೊಳ್ಳದ ನನ್ನಂಥವನನ್ನು ಒರಟ ಎನ್ನುತ್ತಾರೆ.

ಈ ಬಾರ್ಟ್ಲಿಯ ತಂಗಿ ಅಟ್ರಾಕ್ಟಾಳೇ ಸಮಿತಿಯ ಅಧ್ಯಕ್ಷೆ. ಚೌಕದಲ್ಲಿ ಪಾಳುಬಿದ್ದ ದೊಡ್ಡ ಕಟ್ಟಡ ಅಧ್ಯಕ್ಷೆಯ ಅಣ್ಣನದೇ ಎಂಬುದು ಊರಿಗೆಲ್ಲ ಗೊತ್ತು. ಯಾರೂ ಆ ಮಾತು ಆಡುವುದಿಲ್ಲ.

ಮೇ ತಿಂಗಳ ಕೊನೆಯ ಒಂದು ಮಧ್ಯಾಹ್ನ ಅವಳು ಅಕ್ಕನ ಅಡುಗೆಮನೆಗೆ ಬಂದು ಕುಳಿತಳು, ಹಣೆಯ ಕೂದಲು ಕತ್ತರಿಸಿಕೊಳ್ಳಲು. ಟವೆಲ್ ಹೊದ್ದುಕೊಂಡೇ ವಿಷಯ ತೆಗೆದಳು. ಬೇಕರಿಯ ಬೆಕ್ಕನ್ನು ಬಿಡಿಸಿದ್ದು ನೀನೇ ಅಲ್ಲವೇ, ನಿನ್ನ ಕೈ ಒಳ್ಳೆಯದು, ಈ ಸಲ ಅಣ್ಣನ ಅಂಗಡಿಯ ಹಲಗೆಗಳನ್ನೂ ನೀನೇ ಮಾಡಿಕೊಡಬೇಕು ಎಂದಳು.

"ಏನು ಬಿಡಿಸ್ಲಿ?" ಎಂದೆ.

"ಕ್ಷೌರದಂಗಡಿ ಚೆನ್ನಾಗಿರುತ್ತೆ ಕಣೋ ಮ್ಯಾಲಕಿ. ಕೆಂಪು ಬಿಳಿ ಪಟ್ಟೆ ಕಂಬ, ಒಂದು ದೊಡ್ಡ ಕುರ್ಚಿ. ಚೌಕಕ್ಕೆ ಒಂದು ಕಳೆ ಬರುತ್ತೆ."

ಕತ್ತರಿ ಅವಳ ಹುಬ್ಬಿನ ಹತ್ತಿರವೇ ನಿಂತಿತು. ಅಣಕಿಸುತ್ತಿದ್ದಾಳೇನೋ ಎಂದು ಕನ್ನಡಿಯಲ್ಲಿ ಅವಳ ಮುಖ ನೋಡಿದೆ. ಇಲ್ಲ. ಪಾಪ, ಅವಳಿಗೆ ಹೊಳೆದೇ ಇರಲಿಲ್ಲ. ಅಣಕಿಸಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ.

ಆದರೂ ಒಪ್ಪಿಕೊಂಡೆ. ಹಲಗೆ ಮುಟ್ಟುವ ನೆಪದಲ್ಲಾದರೂ ಬಾರ್ಟ್ಲಿಯ ಜೊತೆ ಇನ್ನೊಮ್ಮೆ ಮಾತಾಡಬಹುದು ಎಂಬ ಆಸೆ. ಅವನು ಚೌಕಕ್ಕೇ ಬರಲಿಲ್ಲ. ನಾನು ಪಟ್ಟೆ ಕಂಬ ಬರೆದೆ, ಕುರ್ಚಿಯ ಅಂದಾಜು ಗೆರೆ ಹಾಕಿದೆ. ಆಗ ಎದುರಿನ ಹೆಂಡದಂಗಡಿಯಿಂದ ಡಿನ್ನಿ ಮುದುಕ ಹೊರಬಂದು, ಬೀದಿ ದಾಟಿ, ನನ್ನ ಕೈಹಿಡಿದು ಕುಲುಕಿದ.

"ಅಂತೂ ಅಂಗಡಿ ಆಯ್ತಲ್ಲೋ ನಿಂದು. ನಿಮ್ಮಪ್ಪ ಇದ್ದಿದ್ರೆ ಎಷ್ಟು ಖುಷಿಪಡ್ತಿದ್ದ."

ಇದು ಬರೀ ಚಿತ್ರ ಎಂದು ಅವನಿಗೆ ಬಿಡಿಸಿ ಹೇಳಿದೆ. ಅವನು ತಲೆಯಾಡಿಸಿದ. ಚಿತ್ರವಾದರೇನಂತೆ, ಇಲ್ಲದ್ದಕ್ಕಿಂತ ವಾಸಿ, ಎಂದು ಬೆನ್ನು ತಟ್ಟಿ ಹೊರಟುಹೋದ.

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ಹಲಗೆಗಳ ನಡುವಿನ ಸಂದಿಗೆ ಕಣ್ಣಿಟ್ಟು ಒಳಗೆ ಏನು ಕಂಡಿತೋ ಅದನ್ನೇ ಬರೆಯಲು ಕುಳಿತೆ. ಕುಸಿದ ಚಾವಣಿ. ಅದರ ತೂತಿನಿಂದ ಇಳಿದ ಬಳ್ಳಿ. ಬೂಸಲು ಹಿಡಿದ ಬಟ್ಟೆಯ ಸುರುಳಿಗಳು. ನೆಲದ ಮೇಲೆ ಕಾಲು ಮೇಲೆ ಮಾಡಿ ಸತ್ತುಬಿದ್ದ ಪಾರಿವಾಳ. ಪಟ್ಟೆ ಕಂಬವನ್ನು ಮಾತ್ರ ಹಾಗೇ ಬಿಟ್ಟೆ. ಹಾಡುಹಗಲಲ್ಲೇ ಬರೆದೆ, ಎಲ್ಲರ ಕಣ್ಣೆದುರಿಗೇ. ಬೈಯಲಿ, ಕಿತ್ತುಹಾಕಲಿ, ಪೊಲೀಸರನ್ನು ಕರೆಯಲಿ, ಏನಾದರೂ ಒಂದು ಮಾತು ಆಡಲಿ ಎಂದು.

ಆಡಿದರು. ಪಾರಿವಾಳ ತುಂಬ ಚೆನ್ನಾಗಿ ಬಂದಿದೆ ಎಂದರು. ಪಾದ್ರಿ ಬಂದು ಬಳ್ಳಿಯ ಹಸಿರನ್ನು ಹೊಗಳಿದರು. ಯಾರೋ ಹೆಂಗಸರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಅಟ್ರಾಕ್ಟಾ ತಲೆ ಓರೆ ಮಾಡಿ ಬಹಳ ಹೊತ್ತು ನೋಡಿ, ನಾನು ಹೇಳಿದ್ದು ಇದಲ್ಲ, ಆದರೆ ತೀರ್ಪುಗಾರರಿಗೆ ಇಂಥದ್ದು ಹೊಸದಾಗಿ ಕಾಣಬಹುದು ಎಂದಳು. ತಲೆ ಎಲ್ಲಿ ಚಚ್ಚಿಕೊಳ್ಳಲಿ?

ಮಾರನೆಯ ಬೆಳಿಗ್ಗೆ ಬಾರ್ಟ್ಲಿ ಬಂದ. ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ಹಲಗೆಗಳ ಮುಂದೆ ನಿಂತ. ಅವನ ಕತ್ತು ಕೆಂಪಾಗುತ್ತಿತ್ತು.

"ಇದು ಸುಳ್ಳು. ಚಾವಣಿ ಇಷ್ಟು ಬಿದ್ದಿಲ್ಲ," ಎಂದ.

"ಬಿದ್ದಿದೆ."

"ಅದು ಗಟ್ಟಿ ಮರ ಕಣೋ. ನಮ್ಮಜ್ಜ ಹಾಕಿಸಿದ್ದು."

"ತೆಗೆದು ತೋರ್ಸು ಹಂಗಾದ್ರೆ."

ಬಾರ್ಟ್ಲಿ ಕೋಟಿನ ಜೇಬಿಗೆ ಕೈಹಾಕಿ ಬೀಗದ ಕೈ ಹೊರಗೆಳೆದ. ಪಕ್ಕದ ಕಮಾನಿನೊಳಗಿನ ಬಾಗಿಲಿಗೆ ಇಬ್ಬರೂ ಭುಜ ಕೊಟ್ಟೆವು. ಅದು ನರಳಿಕೊಂಡು ತೆರೆಯಿತು. ಒಳಗಿನ ನಾತಕ್ಕೆ ನನಗೇ ಒಂದು ಹೆಜ್ಜೆ ಹಿಂದೆ ಹೋಗುವಂತಾಯಿತು. ಚಾವಣಿ ನಾನು ಬರೆದದ್ದಕ್ಕಿಂತ ಹೆಚ್ಚು ಬಿದ್ದಿತ್ತು. ಮಹಡಿಯ ಮಂಚದ ಕಾಲೊಂದು ತೂತಿನಿಂದ ಕೆಳಕ್ಕೆ ಜೋಲುತ್ತಿತ್ತು. ಆದರೆ ಗೋಡೆ ಗಟ್ಟಿಯಿತ್ತು. ಬಟ್ಟೆ ಅಳೆದುಕೊಡುತ್ತಿದ್ದ ಉದ್ದನೆಯ ಮರದ ಮೇಜೂ ಒಣಗಿಯೇ ಇತ್ತು. ಬಾರ್ಟ್ಲಿ ಅದರ ಅಂಚನ್ನು ಕೈಯಿಂದ ಸವರಿದ.

"ಅಮ್ಮ ಇದ್ದಿದ್ರೆ ನನ್ನ ಚರ್ಮ ಸುಲೀತಿದ್ಳು," ಎಂದ. ನನ್ನ ಕಡೆ ನೋಡದೆ ಹೇಳಿದ: "ನಿಂಗೆ ಕೊಡಬಾರದು ಅಂತ ಅಲ್ಲ ಮಗಾ. ಕೊಡಬೇಕಂದ್ರೆ ಬಾಗಿಲು ತೆಗೀಬೇಕಿತ್ತಲ್ಲ."

ನನಗೆ ಕನಿಕರ ಬಂತು ಎಂದರೆ ಸುಳ್ಳಾಗುತ್ತದೆ. ಸಿಟ್ಟೇ ಬಂತು. ಒಬ್ಬನ ನಾಚಿಕೆ ಮುಚ್ಚಿಡಲು ಚೌಕದ ಒಂದು ಬದಿಯ ಅರ್ಧ ಭಾಗ ಕೊಳೆಯಬೇಕೇ? ಹಾಗೆಂದೇ ಕೇಳಿದೆ. ಬಾಡಿಗೆಯ ಮಾತು ಆಮೇಲೆ, ಮೊದಲು ಆ ಪಾರಿವಾಳ ಎತ್ತಿಹಾಕು, ಎಂದು ಬಾರ್ಟ್ಲಿ ಬೀಗದ ಕೈಯನ್ನು ನನ್ನ ಅಂಗೈಗೆ ಒತ್ತಿದ.

ಮರುದಿನವೇ ಕಸ ತುಂಬುವ ದೊಡ್ಡ ಕಬ್ಬಿಣದ ತೊಟ್ಟಿಯನ್ನು ಲಾರಿಯಲ್ಲಿ ತರಿಸಿ ಅಂಗಡಿಯ ಮುಂದೆ ಇಳಿಸಿದೆ. ತುಕ್ಕು ಹಿಡಿದ ಹಳದಿ ತೊಟ್ಟಿ, ಚೌಕದ ಯಾವ ಮೂಲೆಯಲ್ಲಿ ನಿಂತರೂ ಕಾಣುವಂಥದ್ದು. ಅಟ್ರಾಕ್ಟಾ ಹಳದಿ ಅಂಗಿಯಲ್ಲೇ ಓಡಿಬಂದಳು. ಜೂನ್ ಶುರುವಾಗಿದೆ, ತೀರ್ಪುಗಾರರು ಯಾವತ್ತಾದರೂ ಬರಬಹುದು, ಇವತ್ತೇ ಬರಬಹುದು, ಈಗಲೇ ಎತ್ತಿಸು ಎಂದಳು. ಅವರು ಬಂದುಹೋಗಲಿ, ಆಮೇಲೆ ನಿನ್ನಿಷ್ಟದಂತೆ ಮಾಡಿಕೊ ಎಂದಳು. ನಮ್ಮೂರ ಆಮೇಲೆ ನನಗೆ ಗೊತ್ತಿಲ್ಲವೇ? ಜೂನ್ ಮುಗಿದರೆ ಬೇಸಿಗೆಯ ಪ್ರವಾಸಿಗಳು, ಅದು ಮುಗಿದರೆ ಫಲಿತಾಂಶ, ಅದು ಮುಗಿದರೆ ಕ್ರಿಸ್ಮಸ್ ದೀಪ. ಅಷ್ಟರಲ್ಲಿ ನಾನು ಗಾಲ್ವೇಯಲ್ಲಿರುತ್ತೇನೆ.

"ಎತ್ತಲ್ಲ," ಎಂದೆ.

ಅವಳು ಅಣ್ಣನ ಕಡೆ ತಿರುಗಿದಳು. ಕೈಗವಸು ಹಾಕಿಕೊಂಡು ನನ್ನ ಪಕ್ಕದಲ್ಲೇ ನಿಂತಿದ್ದ ಬಾರ್ಟ್ಲಿ ಹಿಂದೆಂದೂ ಅವಳಿಗೆ ಎದುರಾಡಿದವನಲ್ಲ.

"ಒಳಗೆ ಬಂದು ನೋಡು, ಅಟ್ರಾಕ್ಟಾ. ಇದು ಅಮ್ಮನ ಅಂಗಡಿ, ನಿಂಗೂ ಅವಳು ಅಮ್ಮನೇ."

ಅವಳು ಹೋದಳು. ಬೇಗನೆ ಹೊರಗೆ ಬರಲಿಲ್ಲ. ಬಂದಾಗ ಅವಳ ಹಳದಿ ಅಂಗಿಯ ಮೇಲೆಲ್ಲ ಗಾರೆಯ ಪುಡಿ, ಕೈಯಲ್ಲಿ ಬೂಸಲು ಹಿಡಿದ ಒಂದು ಅಳತೆಪಟ್ಟಿ. ಮೂಗು ಒರೆಸಿಕೊಂಡಳು. ತೊಟ್ಟಿಯನ್ನೇ ಒಂದು ಕ್ಷಣ ನೋಡಿದಳು.

"ಹಸಿರು ಬಣ್ಣದ್ದು ಸಿಗಲಿಲ್ವಾ?" ಎಂದು ಕೇಳಿ ಹೊರಟುಹೋದಳು.

ಒಳಗೆ ಕೆಲಸಕ್ಕೆ ಸಾಲದಷ್ಟು ಮಬ್ಬು. ಬೆಳಕಿಗಾಗಿ ಹಲಗೆಗಳನ್ನು ಕೀಳಲೇಬೇಕಾಯಿತು. ಮೊಳೆಗಳು ಕಿರುಚಿದ್ದೇ ತಡ ಜನ ಸೇರಿದರು. ಎಂಥ ಚಿತ್ರ, ಅಯ್ಯೋ, ಯಾಕೆ ಹಾಳುಮಾಡ್ತಿದ್ದಾನೆ, ಅವನಿಗೆ ಮೊದಲಿನಿಂದಲೂ ತಲೆ ಸರಿಯಿಲ್ಲ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಅಂಗಡಿ ಯಾವಾಗ ತೆರೆಯುತ್ತೀಯ ಎಂದು ಒಬ್ಬರೂ ಕೇಳಲಿಲ್ಲ. ಡಿನ್ನಿಯಂತೂ ಕಿತ್ತ ಹಲಗೆಯನ್ನು ಎತ್ತಿಹಿಡಿದು, ಇದನ್ನು ಮನೆಗೆ ಒಯ್ಯಲೇ ಎಂದ.

ತಗೊಂಡು ಹೋಗು ಎಂದೆ. ಆದರೆ ಅವನ ತಲೆ ನೋಡಿದರೆ ಚಳಿಗಾಲದಿಂದ ಕತ್ತರಿ ಕಂಡಿರಲಿಲ್ಲ. ಒಳಗೆ ಕರೆದು, ಬಕೆಟ್ಟು ಬೋರಲು ಹಾಕಿ ಕೂರಿಸಿದೆ. ಸುತ್ತ ಗಾರೆ, ಕೊಳೆತ ಮರ, ತಲೆಯ ಮೇಲೆ ಮಂಚದ ಕಾಲು. ಅವನು ಅದನ್ನೇ ನೋಡುತ್ತ ಬಕೆಟ್ಟಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡ.

"ಮೇಲಿಂದ ಬೀಳಲ್ವೇನೋ ಅದು?"

"ಗೊತ್ತಿಲ್ಲ. ಅಲುಗಾಡಬೇಡ," ಎಂದು ಕಿವಿಯ ಹಿಂದಿನಿಂದ ಶುರು ಮಾಡಿದೆ.