ಹಿಂದೆ ಹೋಗಿ ಮುಂದೆ ಬಂದ ಸರಕು

“ದೂರದವರಿಗೆ ಕಮ್ಮಿ, ಹತ್ತಿರದವರಿಗೆ ಜಾಸ್ತಿ. ಈಗ ಹಂಗೇನೇ ಅಕ್ಕಾ,” ಎಂದು ರೈಲ್ವೆಯ ಗೂಡ್ಸ್ ಗುಮಾಸ್ತ ಕಿಟಕಿಯೊಳಗಿಂದ ನಕ್ಕ.

ಪೈಪು ಕಾರ್ಖಾನೆಯ ಒಡತಿಗೆ ಸಿಟ್ಟಿಗಿಂತ ಹೆಚ್ಚಾಗಿ ಕುತೂಹಲವೇ ಹುಟ್ಟಿತು. ಅವಳ ಗೂಡಿನಲ್ಲಿ ಸುಟ್ಟ ಮಣ್ಣಿನ ಪೈಪುಗಳು ಬಂದರಿಗೆ ಹೋಗಬೇಕು. ಒಳನಾಡಿನ ಜಂಕ್ಷನ್ನಿನಲ್ಲೂ ಒಂದು ಪೈಪು ಕಾರ್ಖಾನೆಯಿದೆ. ಅಲ್ಲಿಂದ ಬಂದರಿಗೆ ಹೊರಟ ಗಾಡಿ ಇವಳ ಬಾಗಿಲ ಮುಂದೆಯೇ ಹಾದುಹೋಗುತ್ತದೆ. ಆದರೂ ಅವರಿಗೆ ಇವಳ ಅರ್ಧ ಬಾಡಿಗೆ! ಬಂದರಿನ ವ್ಯಾಪಾರಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: ಜಂಕ್ಷನ್ನಿನವರ ಬೆಲೆಗೆ ಕೊಟ್ಟರೆ ಸರಿ, ಇಲ್ಲದಿದ್ದರೆ ಇನ್ನು ಮುಂದೆ ನಿಮ್ಮ ಮಾಲು ಬೇಡ. ಅವನೊಬ್ಬ ಕೈಬಿಟ್ಟರೆ ಗೂಡಿನ ಬೆಂಕಿ ಆರಿದಂತೆಯೇ.

“ಮೊದಲು ಹಿಂಗಿರಲಿಲ್ಲವಲ್ಲಪ್ಪ?”

“ಮೊದಲು ದರ ಕಟ್ತಿದ್ದದ್ದು ಸರ್ಕಾರ. ಇಷ್ಟು ದೂರಕ್ಕೆ ಇಷ್ಟು ಅಂದ್ರೆ ಯಾರಿಗಾದ್ರೂ ಅಷ್ಟೇ. ಈಗ ಅದನ್ನ ರೈಲು ಕಂಪನಿಗೇ ಬಿಟ್ಟಿದ್ದಾರೆ. ಜಂಕ್ಷನ್ನಲ್ಲಿ ಎರಡು ಕಂಪನಿಯ ಹಳಿ ಇದೆ. ಗಿರಾಕಿ ಎಲ್ಲಿ ಅವರ ಕಡೆ ಜಾರಿಬಿಡ್ತಾನೋ ಅಂತ ನಮ್ಮವರು ಇಳಿಸ್ತಾರೆ. ನೀವೆಲ್ಲಿಗೆ ಜಾರ್ತೀರಾ ಹೇಳಿ? ಇಲ್ಲಿರೋದು ನಮ್ಮದೊಂದೇ.”

“ಲಾರಿಗೆ ಹಾಕ್ತೀನಿ.”

“ಆ ರಸ್ತೇಲಿ ಹಾಕಿ ನೋಡಿ. ಪೈಪು ಹೋಗಿ ಬರೀ ಬೋಕಿ ಚೂರು ತಲುಪುತ್ತೆ.”

ಅಷ್ಟರಲ್ಲಿ ಬಂದರಿನ ಕಡೆಯಿಂದ ಗೂಡ್ಸ್ ಗಾಡಿಯೊಂದು ಡಬಡಬ ಸದ್ದು ಮಾಡುತ್ತ ಬಂತು. ವ್ಯಾಗನ್ನುಗಳೆಲ್ಲ ಖಾಲಿ. ಅವಳು ಅದರ ಬಾಲ ಕಾಣುವವರೆಗೂ ನೋಡುತ್ತ ನಿಂತಳು.

“ಇವೆಲ್ಲ ಬರಿಗೈಲಿ ಎಲ್ಲಿಗೆ ಹೊರಟಿದ್ದಾವೆ?”

“ಜಂಕ್ಷನ್ನಿಗೆ, ವಾಪಸ್.”

“ನನ್ನ ಪೈಪು ಹೊತ್ಕೊಂಡು ಹೋದ್ರೆ?”

“ಹೋಗ್ಲಿ ಬಿಡಿ, ಪುಡಿಗಾಸಿಗೂ ಒಪ್ತಾರೆ. ಖಾಲಿ ಗಾಡಿಗೆ ಸಿಕ್ಕಿದ್ದೇ ಲಾಭ. ಆದ್ರೆ ಅಲ್ಲಿ ನಿಮ್ಮ ಪೈಪು ಯಾರಿಗೆ ಬೇಕು?”

“ಯಾರಿಗೂ ಬೇಡ. ಇಳಿಸೋದೂ ಬೇಡ. ಅಲ್ಲಿಂದ ಬಂದರಿಗೆ ಹೊಸದಾಗಿ ಬುಕ್ ಮಾಡ್ತೀನಿ. ಆಗ ನಾನೂ ಜಂಕ್ಷನ್ನಿನವಳೇ ತಾನೆ?”

ಗುಮಾಸ್ತ ಪೆನ್ನಿನಿಂದ ಕಿವಿ ಕೆರೆದುಕೊಂಡ. ಒಮ್ಮೆ ಕೂಡಿದ, ನಂಬಿಕೆ ಬಾರದೆ ಮತ್ತೊಮ್ಮೆ ಕೂಡಿದ. “ಎರಡೂ ಸೇರಿದ್ರೂ ನೇರ ಬಾಡಿಗೆಗಿಂತ ಕಮ್ಮಿನೇ ಬರುತ್ತಲ್ರೀ!” ಎಂದ. ಅವನಿಗೂ ಒಳಗೊಳಗೇ ಮೋಜೆನಿಸಿತ್ತು.

ಲೋಡು ಮಾಡಿಸುವ ಮೈದುನನಿಗೆ ಮಾತ್ರ ಇದು ಹುಚ್ಚಾಟವಾಗಿ ಕಂಡಿತು. “ಅತ್ತಿಗೆ, ಪಕ್ಕದ ಮನೆಗೆ ಹೋಗೋಕೆ ಊರೆಲ್ಲ ಸುತ್ತಿದಂಗಾಯ್ತು. ಅಷ್ಟು ಕುಲುಕಾಟಕ್ಕೆ ಎಷ್ಟು ಉಳಿಯುತ್ತೋ! ಬಿರುಕು ಬಿಟ್ಟಿದ್ದನ್ನ ಆ ಬಂದರಿನ ಪುಣ್ಯಾತ್ಮ ಮುಟ್ಟೋದೂ ಇಲ್ಲ.”

“ಒಡೆದ ಮೇಲೆ ಅಳೋಣ. ಈಗ ಹುಲ್ಲು ತುರುಕು.”

ಬಾಯಲ್ಲಿ ಹಾಗೆಂದಳೇ ಹೊರತು, ಗಾಡಿ ಬೆನ್ನು ತಿರುಗಿಸಿದ ಮೇಲೆ ಅವಳಿಗೆ ಊಟ ರುಚಿಸಲಿಲ್ಲ. ಪೈಪುಗಳು ಮನೆ ಬಿಟ್ಟು ತಪ್ಪು ದಿಕ್ಕಿಗೆ ಹೋದ ಮಕ್ಕಳಂತೆ ಕಣ್ಣ ಮುಂದೆ ಬರುತ್ತಿದ್ದವು.

ಮುಂದಿನ ವಾರ ಜಂಕ್ಷನ್ ಕಡೆಯಿಂದ ಬಂದ ಗಾಡಿಗೆ ಸಿಗ್ನಲ್ ಬೀಳದೆ, ಅದು ಸರಿಯಾಗಿ ಅವರ ಲೋಡಿಂಗ್ ಕಟ್ಟೆಯ ಪಕ್ಕದಲ್ಲೇ ನಿಂತಿತು.

“ಅತ್ತಿಗೆ, ಓಡಿ ಬನ್ನಿ! ನಮ್ಮವೇ!”

ಹಲಗೆಗಳ ಸಂದಿಯಿಂದ ಹುಲ್ಲು ಇಣುಕುತ್ತಿತ್ತು. ಅವಳು ಕಟ್ಟೆ ಹತ್ತಿ ಕೈ ಚಾಚಿದ್ದೇ ತಡ, ಹಿಂದಿನ ಡಬ್ಬಿಯಿಂದ ಗಾರ್ಡ್ ಕೂಗಿಕೊಂಡ: “ಏ ಅಮ್ಮಾ, ಮುಟ್ಟಬೇಡಿ! ಅದು ಜಂಕ್ಷನ್ನಿನ ಸರಕು!”

“ಗೊತ್ತಪ್ಪಾ, ಯೋಗಕ್ಷೇಮ ವಿಚಾರಿಸ್ತಿದ್ದೀನಿ ಅಷ್ಟೇ!”

ಸಂದಿಯಲ್ಲಿ ಕೈ ತೂರಿಸಿ ಬೆರಳ ಗೆಣ್ಣಿನಿಂದ ಒಂದು ಪೈಪನ್ನು ಬಡಿದಳು. ಬಿರುಕು ಬಿಟ್ಟಿದ್ದರೆ ಲೊಟ್ಟೆನ್ನಬೇಕು. ಅದು ಠಣ್ ಎಂದಿತು. ಪಕ್ಕದ್ದನ್ನು ಬಡಿದಳು. ಅದೂ ಠಣ್. ಮುಂದೆ ಎಂಜಿನ್ ಸಿಳ್ಳೆ ಹಾಕಿತು, ಗಾಡಿ ಮೆಲ್ಲಗೆ ಅಲುಗಿತು. ಅವಳು ಅದರ ಜೊತೆಗೇ ಹೆಜ್ಜೆ ಹಾಕುತ್ತ, ಒಂದು ಕಿವಿಯನ್ನು ಹಲಗೆಯತ್ತ ವಾಲಿಸಿ, ಕಟ್ಟೆ ಮುಗಿಯುವ ತನಕ ಒಂದೊಂದನ್ನೇ ಬಡಿಯುತ್ತ ಹೋದಳು.